ಹೆಬ್ಬೆಟ್ಟಿನಿಂದ ಟವರ್ ಡಂಪ್‌ವರೆಗೆ: ಸರಕಾರದ ಕಣ್ಣು ನಮ್ಮ ದಿನಚರಿಯನ್ನು ಹಿಡಿಯುವ ಬಗೆ

2023ರ ಮಳೆಗಾಲ ಮುಗಿಯುವ ಹೊತ್ತಿಗೆ ಮಂಗಳೂರಿನ ಪೊಲೀಸರ ಬಳಿಗೆ ಒಂದೇ ಬಗೆಯ ದೂರುಗಳು ಬರತೊಡಗಿದವು. ದೂರುದಾರರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ, ಎಟಿಎಂ ಕಾರ್ಡನ್ನೂ ಕಳಕೊಂಡಿರಲಿಲ್ಲ. ಆದರೂ ಖಾತೆಯಿಂದ ಹಣ ಹೋಗಿತ್ತು. ಹೋದದ್ದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ. ಬ್ಯಾಂಕಿಲ್ಲದ ಹಳ್ಳಿಯಲ್ಲೂ ಜನರಿಗೆ ಹಣ ಸಿಗಲಿ ಎಂದು ಕಟ್ಟಿದ ಆ ವ್ಯವಸ್ಥೆಗೆ ಪಿನ್ ಬೇಕಾಗಿಲ್ಲ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ದೂರು ಕೊಟ್ಟವರಲ್ಲಿ ಹಲವರು ಅದಕ್ಕೆ ಮುಂಚೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡವರು. ನೋಂದಣಿ ಪತ್ರಗಳಲ್ಲಿ ಹೆಬ್ಬೆಟ್ಟಿನ ಗುರುತೂ ಆಧಾರ್ ಸಂಖ್ಯೆಯೂ ಒಟ್ಟಿಗೇ ಸಿಗುತ್ತಿದ್ದವು. ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ, ಅಂದರೆ ನಿಮ್ಮ ಬೆರಳಚ್ಚನ್ನು ಬೇರೆಯವರು ಬಳಸದಂತೆ ಬೀಗ ಹಾಕಿಕೊಳ್ಳಿ ಎಂದು ಪೊಲೀಸರೇ ಜನರಿಗೆ ಹೇಳಬೇಕಾಯಿತು.

ಸೈಬರ್ ಕಳ್ಳತನ ಎಂದು ಬರೆದು ಈ ಕಡತ ಮುಚ್ಚಬಹುದು. ಆದರೆ ಜಾಗ ನನ್ನದೆಂದು ರುಜುವಾತು ಮಾಡಲು ಕೊಟ್ಟ ಹೆಬ್ಬೆಟ್ಟು ಬ್ಯಾಂಕಿನ ಬೀಗ ತೆರೆಯುವಂತಾದದ್ದು ಕಳ್ಳನ ಜಾಣ್ಮೆಯಿಂದಲ್ಲ. ಒಂದು ಕೆಲಸಕ್ಕೆ ಕೊಟ್ಟ ಗುರುತು ಹತ್ತು ಕೆಲಸಕ್ಕೆ ಒದಗಲಿ ಎಂದೇ ವ್ಯವಸ್ಥೆಯನ್ನು ಕಟ್ಟಲಾಗಿದೆ. ಕಳ್ಳ ಅದನ್ನು ಅಪರೂಪಕ್ಕೊಮ್ಮೆ ಬಳಸುತ್ತಾನೆ, ಸರಕಾರ ಕಾನೂನಿನ ಪ್ರಕಾರವೇ ದಿನವೂ ಬಳಸುತ್ತದೆ.

ಕಣ್ಗಾವಲು ಎಂದೊಡನೆ ಫೋನಿಗೆ ಕಿವಿಗೊಟ್ಟ ಗೂಢಚಾರ ನಮ್ಮ ಕಣ್ಣ ಮುಂದೆ ಬರುತ್ತಾನೆ. ಅವನೂ ಇದ್ದಾನೆ, ಅವನ ವಿಷಯಕ್ಕೆ ಮುಂದೆ ಬರುತ್ತೇನೆ. ಆದರೆ ಬರಿದೇ ನೋಡಿದ ಮಾತ್ರಕ್ಕೆ ಯಾರಿಗೂ ಇನ್ನೊಬ್ಬರ ಬದುಕಿನ ಮೇಲೆ ಹಿಡಿತ ಸಿಗುವುದಿಲ್ಲ. ನೋಡಿದ್ದು ದಾಖಲೆಯಾಗಬೇಕು. ಆ ದಾಖಲೆ ಇನ್ನೊಂದು ಇಲಾಖೆಯ ದಾಖಲೆಯೊಂದಿಗೆ ಜೋಡಣೆಯಾಗಬೇಕು. ಆ ಜೋಡಣೆಯ ಆಧಾರದಲ್ಲಿ ಅಕ್ಕಿಯೋ ಪಿಂಚಣಿಯೋ ಓಡಾಟವೋ ನಿಲ್ಲುವಂತಿರಬೇಕು. ನಿಲ್ಲಿಸಿದ್ದು ಯಾರು ಎಂದು ಕೇಳಲು ಹೋದರೆ ಉತ್ತರ ಕೊಡುವವರು ಇರಬಾರದು. ನನ್ನ ಮಟ್ಟಿಗೆ ಹಿಡಿತ ಎನ್ನುವುದು ನಿಜವಾಗಿ ಹುಟ್ಟುವುದು ಈ ಕೊನೆಯ ಹಂತದಲ್ಲಿ.

ಬೆರಳು ಸವೆದವರು

ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ತಲೆಮಾರುಗಳಿಂದ ಬೀಡಿ ಕಟ್ಟಿದ ಹೆಂಗಸರಿದ್ದಾರೆ. ಗೇರುಬೀಜದ ಫ್ಯಾಕ್ಟರಿಗಳಲ್ಲಿ ಸಿಪ್ಪೆ ಬಿಡಿಸಿದವರಿದ್ದಾರೆ, ದಕ್ಕೆಯಲ್ಲಿ ಮಂಜುಗಡ್ಡೆಯ ನಡುವೆ ಮೀನು ವಿಂಗಡಿಸುವವರಿದ್ದಾರೆ. ಗೇರು ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ವರ್ಷಗಟ್ಟಲೆ ಅದರಲ್ಲಿ ಕೈಯಾಡಿಸಿದವರ ಬೆರಳ ತುದಿಯಲ್ಲಿ ಯಂತ್ರಕ್ಕೆ ಬೇಕಾದ ಗೆರೆಗಳು ಉಳಿಯುವುದು ಕಷ್ಟ. ವಯಸ್ಸಾದ ಮೇಲೆ ಇನ್ನೂ ಕಷ್ಟ. ಇಂಥವರು ಸೊಸೈಟಿಗೆ ಅಕ್ಕಿಗೆ ಹೋಗಿ ತಂಬ್ ಕೊಟ್ಟಾಗ ಯಂತ್ರ ಒಪ್ಪದಿದ್ದರೆ ಅಂಗಡಿಯವನಿಗೂ ಏನು ಮಾಡಬೇಕೆಂದು ತೋಚುವುದಿಲ್ಲ. ಇನ್ನೊಂದು ಬೆರಳು ಇಡಿ, ಕೈ ಒರೆಸಿ ಇಡಿ, ನಾಳೆ ಬನ್ನಿ. ಆ ನಾಳೆಗಾಗಿ ಆಕೆ ಒಂದು ದಿನದ ಮಜೂರಿ ಕಳೆದುಕೊಳ್ಳುತ್ತಾಳೆ.

ದೃಢೀಕರಣ ಆಗಲಿಲ್ಲ ಎಂಬ ಕಾರಣಕ್ಕೆ ಅರ್ಹರಿಗೆ ಸವಲತ್ತು ತಪ್ಪಬಾರದು ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ಆಧಾರ್ ತೀರ್ಪಿನಲ್ಲೇ ಹೇಳಿದೆ. ಒಟಿಪಿಯಂಥ ಪರ್ಯಾಯಗಳೂ ಇವೆ. ಆದರೆ ಪರ್ಯಾಯ ಬೇಕೆಂದು ಕೇಳುವ ಧೈರ್ಯ ಕೌಂಟರಿನ ಈಚೆ ನಿಂತವರಿಗೆ ಇರಬೇಕಷ್ಟೆ. ಬೆರಳು ಒಪ್ಪದ ಯಂತ್ರದ ಎದುರು ತಾನೇ ಏನೋ ತಪ್ಪು ಮಾಡಿದೆನೆಂಬಂತೆ ಮುಖ ಬಾಡಿಸಿಕೊಂಡು ನಿಲ್ಲುವ ಮುದುಕಿಯರನ್ನು ನಮ್ಮೂರಲ್ಲಿ ಯಾರೂ ನೋಡಬಹುದು. ಇದು ನನಗೆ ತುಂಬಾ ನೋವಿನ ವಿಷಯ.

ದಾಖಲೆಗಳು ಒಂದಕ್ಕೊಂದು ಬೆಸೆದಾಗ ಇದೇ ಕಥೆ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ರಾಜ್ಯದಲ್ಲಿ ಈಗ ರೇಷನ್ ಕಾರ್ಡ್ ಆಧರಿಸಿದ 'ಕುಟುಂಬ' ದತ್ತಾಂಶವಿದೆ, ರೈತರಿಗೆ 'ಫ್ರೂಟ್ಸ್' ಎಂಬ ನೋಂದಣಿ ಸಂಖ್ಯೆಯಿದೆ, 2024ರಿಂದ ಪಹಣಿಗೂ ಆಧಾರ್ ಜೋಡಣೆ ನಡೆದಿದೆ. 2024ರ ನವೆಂಬರ್‌ನಲ್ಲಿ ಅನರ್ಹರನ್ನು ಹುಡುಕುವ ಕಾರ್ಯಾಚರಣೆಯಲ್ಲಿ ಬಿಪಿಎಲ್ ಕಾರ್ಡ್‌ಗಳು ರಾಶಿರಾಶಿಯಾಗಿ ರದ್ದಾದವು, ಇಲ್ಲವೇ ಎಪಿಎಲ್‌ಗೆ ಬದಲಾದವು. ಕೂಗು ಎದ್ದ ಮೇಲೆ ಸರಕಾರವೇ ಹಿಂದೆ ಸರಿಯಿತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಿ ಎಂಬ ಸೂಚನೆ ಬಂತು. ಗಮನಿಸಬೇಕಾದದ್ದು ಕ್ರಮವನ್ನು. ಮೊದಲು ರದ್ದು, ಆಮೇಲೆ ವಿಚಾರಣೆ. ಮನೆಗೆ ಬಂದು ನೋಡುವ ಗ್ರಾಮಲೆಕ್ಕಿಗ ತಪ್ಪು ಬರೆದರೆ ಅವನ ಎದುರು ನಿಂತು ವಾದಿಸಬಹುದಿತ್ತು. ಎರಡು ಪಟ್ಟಿಗಳನ್ನು ತಾಳೆ ನೋಡಿದ ಗಣಕಯಂತ್ರದ ಜೊತೆ ವಾದಿಸುವುದು ಹೇಗೆ?

ಬೀಡಿ ಬ್ರಾಂಚಿನ ಲೆಕ್ಕದ ಪುಸ್ತಕವನ್ನು ನೆನೆಯಿರಿ. ಎಷ್ಟು ಎಲೆ, ಎಷ್ಟು ಹೊಗೆಸೊಪ್ಪು ಕೊಟ್ಟಿತು, ಎಷ್ಟು ಬೀಡಿ ಬಂತು ಎಂಬುದು ಅದರಲ್ಲಿರುತ್ತದೆ, ಮತ್ತು ಆ ಪುಸ್ತಕ ಕಟ್ಟುವವಳ ಕೈಯಲ್ಲೂ ಇರುತ್ತದೆ. ಲೆಕ್ಕ ತಪ್ಪಿದರೆ ಬೆರಳಿಟ್ಟು ತೋರಿಸಿ ಜಗಳ ಮಾಡಬಹುದು. ಸರಕಾರ ನಮ್ಮ ಮೇಲೆ ಬರೆದಿಟ್ಟ ಬಹುಪಾಲು ಪುಸ್ತಕಗಳು ಒಂದೇ ಕಡೆ ಇವೆ. ಅಲ್ಲಿ ಏನು ಬರೆದಿದೆ ಎಂಬುದು ನಮಗೆ ಗೊತ್ತಾಗುವುದು ಏನಾದರೂ ನಿಂತುಹೋದ ದಿನ.

ಕಡಲ ಮೇಲೆ

ಕಣ್ಗಾವಲೆಲ್ಲ ಕೆಟ್ಟದ್ದು ಎಂದು ವಾದಿಸುವವರು ಒಮ್ಮೆ ಮಲ್ಪೆಗೆ ಬರಬೇಕು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಮೀನುಗಾರರ ಸಮೇತ ಕಾಣೆಯಾಯಿತು. ಜನವರಿಯಲ್ಲಿ ಮೀನುಗಾರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹೆದ್ದಾರಿಗಿಳಿದರು. ಹುಡುಕಿ ಕೊಡಿ ಎಂಬುದೊಂದೇ ಅವರ ಬೇಡಿಕೆ. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣದಾಚೆ ಕಡಲ ತಳದಲ್ಲಿ, ನೌಕಾಪಡೆಯ ಶೋಧದಿಂದ. ಬೋಟ್ ಎಲ್ಲಿದೆಯೆಂದು ಗಳಿಗೆ ಗಳಿಗೆಗೂ ತಿಳಿಸುವ ಸಾಧನ ಅದರಲ್ಲಿ ಇದ್ದಿದ್ದರೆ ಆ ಮನೆಗಳವರು ತಿಂಗಳುಗಟ್ಟಲೆ ಬಾಗಿಲು ಕಾಯಬೇಕಿರಲಿಲ್ಲ.

ಈಗ ಅಂಥ ಸಾಧನ ಬಂದಿದೆ. ಇಸ್ರೋ ಅಭಿವೃದ್ಧಿಪಡಿಸಿದ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ 1 ಲಕ್ಷ ಮೀನುಗಾರಿಕಾ ಬೋಟ್‌ಗಳಿಗೆ ಅಳವಡಿಸುವ 364 ಕೋಟಿ ರೂಪಾಯಿಯ ಯೋಜನೆಗೆ 2024ರ ಆಗಸ್ಟ್ 30ರಂದು ಚಾಲನೆ ಸಿಕ್ಕಿತು. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಅಪಾಯದ ಸಂದೇಶ ಕಳಿಸಬಹುದು, ಹವಾಮಾನದ ಎಚ್ಚರಿಕೆ ಪಡೆಯಬಹುದು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ.

ಆದರೆ ಅದೇ ಸಾಧನ ಬೋಟ್ ಯಾವ ರಾಜ್ಯದ ನೀರಿನಲ್ಲಿ ಎಷ್ಟು ಹೊತ್ತು ಇತ್ತು ಎಂಬುದನ್ನೂ ಹೇಳಬಲ್ಲದು. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ಆಯಾ ರಾಜ್ಯದ ನಿಯಮಕ್ಕೆ ಒಳಪಟ್ಟದ್ದು, ಮೀನಿನ ಬೆನ್ನು ಹತ್ತಿದ ತಂಡೇಲನಿಗೆ (ಬೋಟ್ ನಡೆಸುವವನಿಗೆ) ಆ ಗೆರೆ ನೀರಿನ ಮೇಲೆ ಕಾಣುವುದಿಲ್ಲ. ನಾಳೆ ಈ ದಾಖಲೆಯ ಮೇಲೆ ದಂಡ ಹಾಕಬಹುದೇ? ಕರ ವಿನಾಯಿತಿಯ ಡೀಸೆಲ್ ನಿಲ್ಲಿಸಬಹುದೇ? ವಿಮಾ ಕಂಪನಿಗೆ ಕೊಡಬಹುದೇ? ನಿಯಮ ಮೀರಿದವರಿಗೆ ದಂಡ ಹಾಕುವುದು ಸರಿಯೇ ಇರಬಹುದು. ಆದರೆ ಪ್ರಾಣ ಉಳಿಸಲು ಎಂದು ಕೊಟ್ಟ ಯಂತ್ರವನ್ನು ದಂಡ ಹಾಕಲು ಬಳಸಿದ ದಿನ ಬೋಟಿನವರು ಅದನ್ನು ಆರಿಸಿಡಲು ಕಲಿಯುತ್ತಾರೆ, ಆಗ ಪ್ರಾಣವೂ ಉಳಿಯುವುದಿಲ್ಲ. ಯಾವುದಕ್ಕೆ ಬಳಸುತ್ತೇವೆ, ಯಾವುದಕ್ಕೆ ಬಳಸುವುದಿಲ್ಲ ಎಂದು ಮೊದಲೇ ಬರೆದುಕೊಡುವುದು ಮೀನುಗಾರನ ಹಿತಕ್ಕಷ್ಟೇ ಅಲ್ಲ, ಯೋಜನೆಯ ಹಿತಕ್ಕೂ ಬೇಕು.

ಫೋನಿನಲ್ಲಿ ಮಾತಿಗಿಂತ ಜಾಡು ದೊಡ್ಡದು

ಕದ್ದಾಲಿಕೆಯ ಬಿಸಿ ಕರ್ನಾಟಕಕ್ಕೆ ಹೊಸದಲ್ಲ. 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದೇ ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ. ಆಗ ಬಳಕೆಯಲ್ಲಿದ್ದದ್ದು ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯಿದೆ. 1996ರಲ್ಲಿ ಸುಪ್ರೀಂ ಕೋರ್ಟ್ ಕೆಲವು ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಆದೇಶ ಬೇಕು, ಪರಿಶೀಲನಾ ಸಮಿತಿ ಅದನ್ನು ನೋಡಬೇಕು. ಆದೇಶ 60 ದಿನಕ್ಕೆ ಸೀಮಿತ, ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. 2023ರ ದೂರಸಂಪರ್ಕ ಕಾಯಿದೆ ಮತ್ತು 2024ರ ಡಿಸೆಂಬರ್‌ನ ನಿಯಮಗಳು ಬಂದ ಮೇಲೂ ಚೌಕಟ್ಟು ಹೆಚ್ಚುಕಡಿಮೆ ಇದೇ.

ಓದಲು ಚೆನ್ನಾಗಿದೆ. ಆದರೆ ಆ ಪರಿಶೀಲನಾ ಸಮಿತಿಯಲ್ಲಿ ಇರುವವರೆಲ್ಲ ಸರಕಾರದ ಕಾರ್ಯದರ್ಶಿಗಳು. ನ್ಯಾಯಾಧೀಶರಿಲ್ಲ, ವಿರೋಧ ಪಕ್ಷದವರಿಲ್ಲ. ಕೇಂದ್ರ ಸರಕಾರವೊಂದೇ ತಿಂಗಳಿಗೆ 7,500ರಿಂದ 9,000 ಕದ್ದಾಲಿಕೆ ಆದೇಶ ಹೊರಡಿಸುತ್ತಿತ್ತು ಎಂಬುದು ಹಿಂದೊಮ್ಮೆ ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಬಂತು. ಎರಡು ತಿಂಗಳಿಗೊಮ್ಮೆ ಸೇರುವ ಸಮಿತಿಗೆ ಒಂದು ಸಭೆಯಲ್ಲಿ 15,000ರಿಂದ 18,000 ಆದೇಶ ಓದುವ ಕೆಲಸ ಬೀಳುತ್ತದೆ ಎಂದು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರಲ್ಲಿ ಬರೆಯಿತು. ಮನುಷ್ಯರಿಂದ ಆಗದ ಕೆಲಸ. ಇನ್ನು ನಿಮ್ಮ ಫೋನನ್ನು ಕದ್ದು ಕೇಳಿದ್ದರೆ ಅದನ್ನು ಕೇಳಿ ಮುಗಿದ ಮೇಲೂ ನಿಮಗೆ ತಿಳಿಸಬೇಕೆಂಬ ನಿಯಮವೇ ಇಲ್ಲ. ದಾಖಲೆಗಳನ್ನು ಆರು ತಿಂಗಳಿಗೊಮ್ಮೆ ನಾಶ ಮಾಡಬೇಕೆಂಬ ನಿಯಮ ಮಾತ್ರ ಇದೆ. ಗೋಪ್ಯತೆ ಕಾಯಲೆಂದು ಮಾಡಿದ ಆ ನಿಯಮ ತಪ್ಪು ಮಾಡಿದ ಅಧಿಕಾರಿಯ ಗುರುತನ್ನೂ ಅಳಿಸಿಬಿಡುತ್ತದೆ.

ಸಾಮಾನ್ಯರ ಬದುಕಿಗೆ ಹತ್ತಿರದ್ದು ಇದಕ್ಕಿಂತ ಸಣ್ಣದಾಗಿ ಕಾಣುವ ಸಿಡಿಆರ್. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನಡಿಯಿಂದ ಮಾತಾಡಿದರು ಎಂಬ ಪಟ್ಟಿ. ಮಾತು ಇದರಲ್ಲಿಲ್ಲ, ಆದ್ದರಿಂದ ಗೃಹ ಕಾರ್ಯದರ್ಶಿಯ ಆದೇಶವೂ ಬೇಡ. ಎಸ್ಪಿ ದರ್ಜೆಯ ಅಧಿಕಾರಿಯ ಕೋರಿಕೆ ಸಾಕು. 2021ರ ಡಿಸೆಂಬರ್‌ನಿಂದ ಕಂಪನಿಗಳು ಇದನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕು. ಊರಲ್ಲೊಂದು ಕೊಲೆಯಾದರೆ ಟವರ್ ಡಂಪ್ ತೆಗೆಯುತ್ತಾರೆ. ಅಂದರೆ ಆ ಹೊತ್ತಿಗೆ ಆ ಟವರಿನಡಿ ಇದ್ದ ಎಲ್ಲ ಫೋನುಗಳ ಪಟ್ಟಿ. ಬಸ್ಸಿಗೆ ಕಾದವನೂ, ಪಕ್ಕದ ಆಸ್ಪತ್ರೆಯಲ್ಲಿ ತಾಯಿಯ ಬಳಿ ಕೂತವಳೂ ಅದರಲ್ಲಿ ಸೇರುತ್ತಾರೆ. ಕೊಲೆಗಾರ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದವರ ಪಟ್ಟಿಯನ್ನು ಆಮೇಲೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೂ ಉತ್ತರ ಬೇಕು. ದಿನವೂ ರಾತ್ರಿ ಹತ್ತಕ್ಕೆ ಯಾವ ನಂಬರಿಗೆ ಕರೆ, ವಾರಕ್ಕೊಮ್ಮೆ ಯಾವ ಡಾಕ್ಟರಿಗೆ, ಯಾವ ವಕೀಲರಿಗೆ ಎಂಬುದಿಷ್ಟು ಸಿಕ್ಕರೆ, ಮಾತು ಕೇಳದೆಯೇ ಒಬ್ಬರ ಮನೆಯ ಗುಟ್ಟು ತಿಳಿಯುತ್ತದೆ.

ರಾತ್ರಿ ಬಾಗಿಲು ತಟ್ಟುವುದು

2025ರ ಏಪ್ರಿಲ್–ಮೇ ತಿಂಗಳ ಕೊಲೆಗಳ ನಂತರ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ಸರಕಾರ ವಿಶೇಷ ಕಾರ್ಯಪಡೆ ರಚಿಸಿತು. ಅದರ ಬೆನ್ನಲ್ಲೇ, ಪೊಲೀಸರು ರಾತ್ರಿ ಹೊತ್ತು ಸಂಘಟನೆಗಳ ಮುಖಂಡರ ಮನೆಗೆ ಬಂದು ಫೋಟೋ ತೆಗೆದು ಜಿಪಿಎಸ್ ಗುರುತಿನೊಂದಿಗೆ ದಾಖಲಿಸುತ್ತಿದ್ದಾರೆ ಎಂಬ ಆಕ್ಷೇಪ ಎದ್ದಿತು. ಆಕ್ಷೇಪಿಸಿದವರ ರಾಜಕೀಯ ಒಪ್ಪದವರು ಹಲವರು ಸುಮ್ಮನಿದ್ದರು. 2019ರಲ್ಲಿ, ಪೌರತ್ವ ಕಾಯಿದೆ ವಿರುದ್ಧದ ಪ್ರತಿಭಟನೆಯ ಹೊತ್ತಿಗೆ, ಪೊಲೀಸರ ನೆರಳು ಬಿದ್ದದ್ದು ಬೇರೆಯವರ ಮೇಲೆ, ಆಗ ಸುಮ್ಮನಿದ್ದವರೂ ಬೇರೆ. ನಮ್ಮೂರಿನ ಈ ಸರದಿ ಮೌನ ನನಗೆ ಬಹಳ ಕಳವಳ ಹುಟ್ಟಿಸುತ್ತದೆ.

ಏಕೆಂದರೆ ಈ ಪ್ರಶ್ನೆ 1962ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು ದರೋಡೆ ಪ್ರಕರಣದಲ್ಲಿ ಹಿಡಿದು ಸಾಕ್ಷ್ಯವಿಲ್ಲವೆಂದು ಬಿಟ್ಟಿದ್ದರು. ಆದರೂ ಪೊಲೀಸರು ಅವರ ಹೆಸರಲ್ಲಿ ಪಟ್ಟಿ ತೆರೆದು, ರಾತ್ರಿ ಮನೆಗೆ ಬಂದು ಬಾಗಿಲು ತಟ್ಟಿ ಎಬ್ಬಿಸುತ್ತಿದ್ದರು. ಹೀಗೆ ರಾತ್ರಿ ಮನೆಗೆ ನುಗ್ಗುವುದು ಸಂವಿಧಾನಬಾಹಿರ ಎಂದು ಆರು ನ್ಯಾಯಮೂರ್ತಿಗಳ ಪೀಠ ಹೇಳಿತು. ಆದರೆ ಓಡಾಟದ ಮೇಲೆ ಕಣ್ಣಿಡುವುದನ್ನು ಬಹುಮತದ ತೀರ್ಪು ಒಪ್ಪಿತು, ಖಾಸಗಿತನ ಮೂಲಭೂತ ಹಕ್ಕಲ್ಲ ಎಂದೂ ಅಂದಿತು. ಇದನ್ನು ಒಪ್ಪದೆ ನ್ಯಾಯಮೂರ್ತಿ ಸುಬ್ಬರಾವ್ ಬೇರೆ ತೀರ್ಪು ಬರೆದರು. ಸದಾ ಯಾರೋ ನೋಡುತ್ತಿರುವಾಗ ದೇಹ ಓಡಾಡಿದರೂ ಮನಸ್ಸು ಕಟ್ಟಿಹಾಕಿಸಿಕೊಂಡಿರುತ್ತದೆ, ಆದ್ದರಿಂದ ಅದು ಸ್ವಾತಂತ್ರ್ಯವಲ್ಲ ಎಂಬುದು ಅವರ ವಾದದ ತಿರುಳು. ಅವರ ಮಾತಿಗೆ ಬೆಲೆ ಬರಲು 55 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿನಂತೆ ಸರಕಾರ ನಮ್ಮ ಖಾಸಗಿ ಬದುಕಿಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಹಾಕಿದ ಕೈ ಉದ್ದೇಶಕ್ಕೆ ತಕ್ಕಷ್ಟೇ ಉದ್ದವಿರಬೇಕು.

ಸರಕಾರದ ನೋಟೀಸ್ ಬೋರ್ಡು, ಊರಿನ ಕಣ್ಣು

ಕರಾವಳಿಯಲ್ಲಿ ಸರಕಾರದ ಕಣ್ಣಿನ ಜೊತೆ ಊರಿನ ಕಣ್ಣನ್ನೂ ಲೆಕ್ಕಕ್ಕೆ ತಗೊಳ್ಳದಿದ್ದರೆ ಚಿತ್ರ ಅರ್ಧವೇ. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದು, 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಗೆ ನುಗ್ಗಿದ್ದು ಸರಕಾರದವರಲ್ಲ. ಆದರೆ ಇಂಥ ಊರಿನಲ್ಲಿ ಸರಕಾರ ಸಂಗ್ರಹಿಸಿದ ಮಾಹಿತಿ ಪಕ್ಕಕ್ಕೆ ಸೋರಿದರೆ ಏನಾಗುತ್ತದೆ?

ಬೇರೆ ಬೇರೆ ಧರ್ಮದ ಇಬ್ಬರು ಮತಾಂತರವಿಲ್ಲದೆ ಮದುವೆಯಾಗಲು ಇರುವ ದಾರಿ 1954ರ ವಿಶೇಷ ವಿವಾಹ ಕಾಯಿದೆ. ಅದರ ಪ್ರಕಾರ ಜೋಡಿ ಮೊದಲು ನೋಟೀಸ್ ಕೊಡಬೇಕು, ಅಧಿಕಾರಿ ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, 30 ದಿನ ಆಕ್ಷೇಪಕ್ಕೆ ಕಾಯಬೇಕು. ನೋಟೀಸಿನಲ್ಲಿ ಹೆಸರು, ವಯಸ್ಸು, ವಿಳಾಸ ಎಲ್ಲ ಇರುತ್ತದೆ. ಒಂದೇ ಧರ್ಮದ ಜೋಡಿ ಛತ್ರದಲ್ಲಿ ಮದುವೆಯಾಗಲು ಯಾರ ಗೋಡೆಯ ಮೇಲೂ ವಿಳಾಸ ಅಂಟಿಸಬೇಕಾಗಿಲ್ಲ. ಆ ಹಾಳೆಯ ಫೋಟೋ ಒಬ್ಬ ತೆಗೆದು ವಾಟ್ಸ್ಆ್ಯಪ್‌ಗೆ ಹಾಕಿದರೆ ಮುಂದಿನದನ್ನು ಮಂಗಳೂರಿನವರಿಗೆ ವಿವರಿಸಬೇಕಾಗಿಲ್ಲ. ಇಲ್ಲಿ ಸರಕಾರ ಯಾರನ್ನೂ ಬೆದರಿಸಿಲ್ಲ, ತಡೆದಿಲ್ಲ. ಮಾಹಿತಿ ಕೇಳಿ ಪಡೆದು ಗೋಡೆಗೆ ಹಚ್ಚಿತು, ಉಳಿದದ್ದನ್ನು ಬೇರೆಯವರು ನೋಡಿಕೊಂಡರು. ಈ ಪ್ರಕಟಣೆ ಕಡ್ಡಾಯವಲ್ಲ, ಜೋಡಿ ಬಯಸಿದರೆ ಮಾತ್ರ ಎಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಆ ನ್ಯಾಯ ನಮ್ಮ ರಾಜ್ಯಕ್ಕೂ ಬರಬೇಕು.

ಕ್ಯಾಮೆರಾ ಯಾರ ಕಡೆ

2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯಿದೆಯಂತೆ ಹೆಚ್ಚು ಜನ ಸೇರುವ ಅಂಗಡಿ, ಆಸ್ಪತ್ರೆ, ಕಾಲೇಜುಗಳು ಸಿಸಿಟಿವಿ ಹಾಕಿ ದೃಶ್ಯವನ್ನು 30 ದಿನ ಇಟ್ಟುಕೊಳ್ಳಬೇಕು, ಪೊಲೀಸರು ಕೇಳಿದಾಗ ಕೊಡಬೇಕು. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮಂಗಳೂರಿಗೆ, ನಗರದ ಕ್ಯಾಮೆರಾಗಳನ್ನು ಒಂದೆಡೆ ಕೂತು ನೋಡುವ ಕಮಾಂಡ್ ಆ್ಯಂಡ್ ಕಂಟ್ರೋಲ್ ಕೇಂದ್ರವೂ ಬಂತು. ಸರಗಳ್ಳನನ್ನು ಹಿಡಿಯಲು ಇವು ನೆರವಾಗುತ್ತವೆ.

2019ರ ಡಿಸೆಂಬರ್ 19ರಂದು ಪೌರತ್ವ ಕಾಯಿದೆ ವಿರುದ್ಧದ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಬಲಿಯಾದರು. ಅದೇ ರಾತ್ರಿ ಜಿಲ್ಲೆಯಲ್ಲಿ 48 ಗಂಟೆ ಮೊಬೈಲ್ ಇಂಟರ್ನೆಟ್ ನಿಂತಿತು. ಪೊಲೀಸರು ತಮ್ಮ ಕಡೆಯ ಸಿಸಿಟಿವಿ ತುಣುಕುಗಳನ್ನು ಬಿಡುಗಡೆ ಮಾಡಿದರು, ಜನವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಬೇರೆಯದೇ ಕಥೆ ಹೇಳುವ ವಿಡಿಯೋಗಳನ್ನು ಬಿಡುಗಡೆ ಮಾಡಿದರು. ಯಾರು ಸರಿ ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಂಡದ್ದು ಇದು: ಊರು ತನ್ನ ಕಣ್ಣಾರೆ ಕಂಡದ್ದನ್ನು ಹಂಚಿಕೊಳ್ಳಲು ಆಗದ ಎರಡು ದಿನ, ಊರಿನ ಎಲ್ಲ ಕ್ಯಾಮೆರಾಗಳ ದೃಶ್ಯ ತರಿಸಿಕೊಳ್ಳುವ ಅಧಿಕಾರ ಪೊಲೀಸರ ಕೈಯಲ್ಲಷ್ಟೇ ಇತ್ತು. ಮೂರು ವಾರ ಕಳೆದು, 2020ರ ಜನವರಿ 10ರಂದು, ಇಂಟರ್ನೆಟ್ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ ಕಾಶ್ಮೀರದ ಪ್ರಕರಣದಲ್ಲಿ ಹೇಳಿತು.

ಅದೇ ವರ್ಷದ ಡಿಸೆಂಬರ್ 2ರಂದು ಕೋರ್ಟು ಕ್ಯಾಮೆರಾವನ್ನು ಇನ್ನೊಂದು ಕಡೆಗೂ ತಿರುಗಿಸಿತು. ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ದೃಶ್ಯವನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದಿತು.

ಕೇಳುವುದು ಹೇಗೆ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಕಂಪನಿಗಳ ಮೇಲೆ ಹಿಡಿತ ತರುತ್ತದೆ. ಆದರೆ ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಎಂಬ ಕಾರಣಕ್ಕೆ ತನ್ನ ಯಾವ ಸಂಸ್ಥೆಯನ್ನು ಬೇಕಾದರೂ ಪೂರ್ತಿ ಹೊರಗಿಡುವ ಅಧಿಕಾರವನ್ನು ಅದೇ ಕಾಯಿದೆಯ 17ನೇ ಕಲಮು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. 44ನೇ ಕಲಮು ಮಾಹಿತಿ ಹಕ್ಕು ಕಾಯಿದೆಯನ್ನೇ ತಿದ್ದಿ, 'ವೈಯಕ್ತಿಕ ಮಾಹಿತಿ' ಎಂಬ ಕಾರಣ ಹೇಳಿ ಉತ್ತರ ನಿರಾಕರಿಸುವುದನ್ನು ಅಧಿಕಾರಿಗಳಿಗೆ ಸುಲಭ ಮಾಡಿದೆ. ನಮ್ಮ ಬಗ್ಗೆ ಅವರಿಗೆ ತಿಳಿಯುವುದು ಹೆಚ್ಚಿತು, ಅವರ ಬಗ್ಗೆ ನಮಗೆ ತಿಳಿಯುವುದು ಕಡಿಮೆಯಾಯಿತು.

ಆದರೂ ದಾರಿ ಪೂರ್ತಿ ಮುಚ್ಚಿಲ್ಲ. ಆಧಾರ್ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು, ಹಿಂದಿನ ಆರು ತಿಂಗಳಲ್ಲಿ ನಿಮ್ಮ ಗುರುತನ್ನು ಯಾರು ಯಾವಾಗ ದೃಢೀಕರಿಸಿಕೊಂಡರು ಎಂದು ನೋಡಬಹುದು. ಮನೆಯ ಹಿರಿಯರಿಗೂ ಇದನ್ನು ಮಾಡಿಕೊಡಿ. ತಂಬ್ ಒಪ್ಪದಿದ್ದರೆ ಅಕ್ಕಿ ಕೊಡದೆ ಕಳಿಸಿದವರ ಹೆಸರು, ದಿನಾಂಕ ಬರೆದಿಟ್ಟು ತಾಲೂಕಿನ ಆಹಾರ ಶಾಖೆಗೆ ಲಿಖಿತ ದೂರು ಕೊಡಿ. ಬಾಯಿಮಾತಿನ ದೂರು ಕಡತಕ್ಕೆ ಸೇರುವುದಿಲ್ಲ.

ಪಾಲಿಕೆಗೂ ಪೊಲೀಸ್ ಕಮಿಷನರ್ ಕಚೇರಿಗೂ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಇವನ್ನು ಕೇಳಬಹುದು: ಎಷ್ಟು ಕ್ಯಾಮೆರಾಗಳಿವೆ, ಮುಖ ಗುರುತಿಸುವ ತಂತ್ರಾಂಶ ಅದರಲ್ಲಿದೆಯೇ, ದೃಶ್ಯ ಎಷ್ಟು ದಿನ ಉಳಿಯುತ್ತದೆ, ಯಾರ ಲಿಖಿತ ಆದೇಶದ ಮೇಲೆ ಹೊರಗೆ ಹೋಗುತ್ತದೆ. ಒಂದು ನಿರ್ದಿಷ್ಟ ಘಟನೆಯ ದೃಶ್ಯವೇ ಬೇಕಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಅರ್ಜಿಗೆ ಉತ್ತರಿಸಲು ಕಚೇರಿಗೆ 30 ದಿನ ಸಮಯವಿದೆ, ಅಂಗಡಿ–ಆಸ್ಪತ್ರೆಗಳ ಕ್ಯಾಮೆರಾ ದೃಶ್ಯ ಉಳಿಸಬೇಕಾದದ್ದೂ 30 ದಿನವೇ. ಉತ್ತರ ಬರುವಷ್ಟರಲ್ಲಿ ದೃಶ್ಯ ಅಳಿದಿರಬಹುದು. ಆದ್ದರಿಂದ ಘಟನೆ ನಡೆದ ವಾರದೊಳಗೇ, ದಿನಾಂಕ, ಸಮಯ, ಜಾಗ ನಮೂದಿಸಿ, ಆ ದೃಶ್ಯವನ್ನು ಅಳಿಸದೆ ಕಾದಿರಿಸಿ ಎಂಬ ಪತ್ರವನ್ನು ಠಾಣೆಗೂ ಕ್ಯಾಮೆರಾದ ಮಾಲಕರಿಗೂ ಪ್ರತ್ಯೇಕವಾಗಿ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪಡೆದುಕೊಳ್ಳಿ.